ಸುರುಳಿ ನೋಡಿ ಕೀಳಬೇಡಿ: ತೆರ್ಮೆ ಸೊಪ್ಪನ್ನು ಗುರುತು ಹಿಡಿಯುವುದು ಹೇಗೆ?

ಮಳೆ ಹಿಡಿದ ಮೇಲೆ ಕೊಡಗಿನ ಯಾವುದೇ ಸಂತೆಗೆ ಹೋಗಿ. ಕಣಿಲೆ, ಅಣಬೆ, ಕೆಸುವಿನ ಸೊಪ್ಪಿನ ಪಕ್ಕದಲ್ಲಿ ಹಸಿರು ಸುರುಳಿಗಳ ಪುಟ್ಟ ಕಟ್ಟುಗಳು ಕಾಣುತ್ತವೆ. ಪಿಟೀಲಿನ ತುದಿಯ ಹಾಗೆ ಸುತ್ತಿಕೊಂಡ ಎಳೆ ಚಿಗುರು. ಕೊಡವರು ಇದಕ್ಕೆ ತೆರ್ಮೆ ತೊಪ್ಪು ಅನ್ನುತ್ತಾರೆ. ಕೇರಳದಲ್ಲಿ ಇದು ಚುರುಳಿ, ಅಸ್ಸಾಮಿನಲ್ಲಿ ಢೇಕಿಯಾ, ಸಿಕ್ಕಿಂ ಕಡೆ ನಿಂಗ್ರೋ, ಫಿಲಿಪ್ಪೀನ್ಸಿನಲ್ಲಿ ಪಾಕೋ. ಸಸ್ಯಶಾಸ್ತ್ರದವರಿಗೆ ಡಿಪ್ಲಾಜಿಯಂ ಎಸ್ಕುಲೆಂಟಮ್. ಹೂವಿಲ್ಲದ, ಬೀಜವಿಲ್ಲದ ಜರೀಗಿಡಗಳ ಜಾತಿಗೆ ಸೇರಿದ್ದು.

ಸಂತೆಯಲ್ಲಿ ಕೊಳ್ಳುವವರಿಗೆ ಚಿಂತೆಯಿಲ್ಲ. ಮಾರುವವರಿಗೆ ಗೊತ್ತಿರುತ್ತೆ. ತೊಂದರೆ ಆಗೋದು ನಮ್ಮಂಥವರಿಗೆ. ತೋಡಿನ ಬದಿಯಲ್ಲಿ ಸುರುಳಿ ಕಂಡ ಕೂಡಲೇ ಚೀಲ ಬಿಚ್ಚುವವರಿಗೆ.

ನನ್ನ ಕಥೆಯನ್ನೇ ಹೇಳುತ್ತೇನೆ. ಒಂದು ಜುಲೈ ತಿಂಗಳಲ್ಲಿ ಗದ್ದೆ ಕೆಳಗಿನ ತೋಡಿನಿಂದ ಒಂದು ಚೀಲ ತುಂಬ ಸುರುಳಿ ಕಿತ್ತು ತಂದೆ. ಭಾರೀ ಹೆಮ್ಮೆ. ಪಕ್ಕದ ತೋಟದ ಅಜ್ಜಿ ಜಗಲಿಯ ಮೇಲೆ ಕೂತಿದ್ದರು. ಚೀಲದೊಳಗೆ ಕೈ ಹಾಕಿ, ನೋಡದೆಯೇ ಬೆರಳಲ್ಲಿ ಸವರಿ, ಒಂದೊಂದೇ ಹೊರಗೆಸೆಯತೊಡಗಿದರು. "ಇದೇನ್ ಮಗಾ, ಅರ್ಧ ಕಾಡನ್ನೇ ಕಿತ್ಕೊಂಡ್ ಬಂದಿದೀಯಲ್ಲ!" ಮುಕ್ಕಾಲು ಚೀಲ ಅಂಗಳಕ್ಕೆ ಬಿತ್ತು. ಉಳಿದದ್ದು ಒಂದು ಹಿಡಿ. "ಸುರುಳಿ ಎಲ್ಲದಕ್ಕೂ ಇರ್ತದೆ. ನೀನು ಅದರ ಅಮ್ಮನ್ನ ನೋಡ್ಬೇಕಿತ್ತು" ಅಂದರು. ಅಮ್ಮ ಅಂದರೆ ಅದೇ ಬುಡದಲ್ಲಿರುವ ಬಲಿತ ಎಲೆ.

ಅಜ್ಜಿ ಹೇಳಿದ್ದು ಸರಿ. ಜರೀಗಿಡಗಳಲ್ಲಿ ಬಹುಪಾಲು ಎಲೆ ಹುಟ್ಟುವುದೇ ಸುರುಳಿಯಾಗಿ. ಹಾಗಾಗಿ ಸುರುಳಿ ನಮಗೆ ಹೇಳುವುದು ಒಂದೇ ಮಾತು: ನಾನೊಂದು ಜರೀಗಿಡ. ಯಾವ ಜರೀಗಿಡ ಅಂತ ಹೇಳುವುದು ಬಲಿತ ಎಲೆ, ಅದರಲ್ಲೂ ಎಲೆಯ ಬೆನ್ನು. ಈ ಲೇಖನವನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ. ನೆಲದಿಂದ ಶುರು ಮಾಡಿ, ಎಲೆಯ ಬೆನ್ನಿಗೆ ಬಂದು, ಕೊನೆಗೆ ಸುರುಳಿ.

ಜೊತೆಗೆ ಇಟ್ಟುಕೊಳ್ಳಬೇಕಾದದ್ದು ಜಾಸ್ತಿ ಏನಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಕೈಮಸೂರ, ಒಂದು ಬ್ಲೇಡು, ಮೊಬೈಲು. ಜಿಗಣೆಗೆ ಉಪ್ಪು ಅಥವಾ ಸುಣ್ಣ. ಇದನ್ನು ಮಾತ್ರ ಮರೆಯಬೇಡಿ.

ಮೊದಲು ನೆಲ ನೋಡಿ

ತೆರ್ಮೆಗೆ ನೀರು ಬೇಕು. ತೋಡಿನ ದಂಡೆ, ಗದ್ದೆಯ ಅಂಚಿನ ಕಾಲುವೆ, ಅಡಿಕೆ ತೋಟದ ಉಜಿರು, ಹೊಳೆ ಬದಿಯ ಮರಳುಮಣ್ಣು, ಇಂಥ ಕಡೆ ಗುಂಪು ಗುಂಪಾಗಿ ಬೆಳೆಯುತ್ತದೆ. ಅರ್ಧ ನೆರಳು ಇಷ್ಟ. ಕಾಲಡಿ ಒದ್ದೆಯಾಗಿದ್ದರೆ ಬಿಸಿಲಿಗೂ ಅಂಜುವುದಿಲ್ಲ. ಮೂಲತಃ ಇದು ತಗ್ಗು ನಾಡಿನ, ಬೆಚ್ಚನೆ ಹವೆಯ ಗಿಡ. ಏಷ್ಯಾದ ಉಷ್ಣ ನಾಡುಗಳಿಂದ ಪೆಸಿಫಿಕ್ ದ್ವೀಪಗಳವರೆಗೆ ಹಬ್ಬಿದೆ. ಅಮೆರಿಕದ ಫ್ಲಾರಿಡಾದಲ್ಲಿ ಬೇಡದ ಕಳೆಯಾಗಿಯೂ ನೆಲೆಯೂರಿದೆ.

ಹಾಗಾದರೆ ಎಲ್ಲಿ ಸಿಗಲ್ಲ? ಮರದ ಕೊಂಬೆಯ ಮೇಲೆ ಬೆಳೆದ ಜರೀಗಿಡ ತೆರ್ಮೆ ಅಲ್ಲ. ಹಳೇ ಗಾರೆ ಗೋಡೆಯ ಬಿರುಕಿನಲ್ಲಿರುವುದೂ ಅಲ್ಲ. ಬೆಟ್ಟದ ನೆತ್ತಿಯ ಒಣ ಹುಲ್ಲುಗಾವಲಿನಲ್ಲಿರುವುದಂತೂ ಖಂಡಿತ ಅಲ್ಲ. ಇಷ್ಟರಲ್ಲೇ ಅರ್ಧ ಗೊಂದಲ ಮುಗಿಯುತ್ತೆ.

ಆದರೆ ಉಳಿದರ್ಧ ಗೊಂದಲ ತೋಡಿನ ಬದಿಯಲ್ಲೇ ಇದೆ. ತೆರ್ಮೆಯನ್ನು ಹೋಲುವ ಗಿಡ ತೆರ್ಮೆಯ ಪಕ್ಕದಲ್ಲೇ, ಅದೇ ಕೆಸರಿನಲ್ಲೇ, ಬೇರು ತಾಗಿಸಿಕೊಂಡು ನಿಂತಿರುತ್ತೆ. ನಾನು ಬಿದ್ದದ್ದು ಅಲ್ಲಿಯೇ.

ಬುಡಕ್ಕೆ ಕೈ ಹಾಕಿ

ಬಗ್ಗಿ, ಎಲೆಗಳು ಎಲ್ಲಿಂದ ಎದ್ದಿವೆ ನೋಡಿ. ತೆರ್ಮೆಯ ಎಲ್ಲ ಎಲೆಗಳೂ ಒಂದೇ ಬುಡದಿಂದ, ಹೂದಾನಿಯಿಂದ ಎದ್ದ ಹಾಗೆ, ಸುತ್ತಲೂ ಹರಡಿ ನಿಲ್ಲುತ್ತವೆ. ಬುಡ ನೆಟ್ಟಗಿರುತ್ತದೆ. ಹಳೇ ಗಿಡದಲ್ಲಿ ಅದು ಗೇಣುದ್ದ ಕರಿ ಮೋಟಿನ ಹಾಗೆ ಮಣ್ಣಿನಿಂದ ಮೇಲೆದ್ದಿರುವುದೂ ಉಂಟು. ಮೊದಲ ಸಲ ನೋಡಿದವರಿಗೆ ಇದೇನು ಪುಟ್ಟ ಮರವಾ ಅನ್ನಿಸಬಹುದು.

ಎಲೆಯ ದಂಟು ಹಸಿರು. ಬುಡದ ಕಡೆ ಮಾತ್ರ ಕಪ್ಪು. ಆ ಕಪ್ಪು ಭಾಗದಲ್ಲಿ ಭತ್ತದ ಹೊಟ್ಟಿನಂಥ ಕಂದು ಚೂರುಗಳು ಅಂಟಿಕೊಂಡಿರುತ್ತವೆ. ಒಂದನ್ನು ಕಿತ್ತು ಮಸೂರದಲ್ಲಿ ನೋಡಿ. ಉದ್ದಕ್ಕೆ, ಚೂಪಾಗಿ, ಅಂಚಿಗೆ ಕಪ್ಪು ಗೆರೆ, ಆ ಗೆರೆಯ ಮೇಲೆ ಗರಗಸದಂಥ ಸಣ್ಣ ಹಲ್ಲು. ನೋಡಲು ಚೆಂದ. ಮೇಲಕ್ಕೆ ಹೋದಂತೆ ಈ ಹೊಟ್ಟು ಉದುರಿ ಹೋಗಿ ದಂಟು ನುಣ್ಣಗಾಗುತ್ತೆ. ಎಲೆಯ ಮುಖದ ಕಡೆ ದಂಟಿನುದ್ದಕ್ಕೂ ಒಂದು ಕಾಲುವೆಯಂಥ ಗೀರು ಇರುತ್ತದೆ.

ಈಗ ಒಂದು ಬಲಿತ ದಂಟನ್ನು ಬುಡದ ಹತ್ತಿರ ಬ್ಲೇಡಿನಲ್ಲಿ ಅಡ್ಡ ಕೊಯ್ಯಿರಿ. ಕೊಯ್ದ ಮುಖದಲ್ಲಿ ಪಟ್ಟಿಯಂಥ ಎರಡು ನಾಳಗಳು ಎದುರುಬದುರಾಗಿ ಕಾಣುತ್ತವೆ. ಮೇಲೆ ಹೋದಂತೆ ಎರಡೂ ಕೂಡಿ ಲಾಳದ ಆಕಾರ ಆಗುತ್ತೆ. ಇದೊಂದರಿಂದಲೇ ತೆರ್ಮೆ ಅನ್ನುವುದಕ್ಕೆ ಬರುವುದಿಲ್ಲ. ಪಕ್ಕದ ಮೋಸಗಾರ ಗಿಡಕ್ಕೂ ಎರಡೇ ನಾಳ. ಆದರೆ ಎರಡರ ಬದಲು ಹತ್ತಾರು ಚುಕ್ಕೆ, ಗೆರೆಗಳು ಚೆಲ್ಲಾಪಿಲ್ಲಿಯಾಗಿ ಕಂಡರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಅದ್ಯಾವುದು ಅಂತ ಮುಂದೆ ಹೇಳುತ್ತೇನೆ.

ಎಲೆ ಎಷ್ಟು ಸಲ ಒಡೆದಿದೆ?

ಬಲಿತ ತೆರ್ಮೆ ಎಲೆ ದೊಡ್ಡದು. ದಂಟೂ ಸೇರಿ ಒಂದು ಮೀಟರಿಗಿಂತ ಜಾಸ್ತಿ, ಒಳ್ಳೆ ಜಾಗದಲ್ಲಿ ಎದೆಮಟ್ಟ. ಅದು ಎರಡು ಸಲ ಒಡೆದಿರುತ್ತೆ. ನಡುದಂಟಿನಿಂದ ಎಡಕ್ಕೆ ಬಲಕ್ಕೆ ಕವಲು, ಆ ಕವಲಿನಿಂದ ಮತ್ತೆ ಎಡಕ್ಕೆ ಬಲಕ್ಕೆ ಚಿಕ್ಕೆಲೆಗಳು. ಚಿಕ್ಕೆಲೆ ಸುಮಾರು ಬೆರಳುದ್ದ, ತುದಿ ಚೂಪು, ಅಂಚು ಹಲ್ಲು ಹಲ್ಲು. ಬುಡ ಕತ್ತರಿಸಿದ ಹಾಗೆ ಚಪ್ಪಟೆ, ಕೆಲವಕ್ಕೆ ಪುಟ್ಟ ಕಿವಿಯೂ ಇರುತ್ತೆ.

ಇಲ್ಲಿ ಒಂದು ಎಚ್ಚರ. ಎಳೇ ವಯಸ್ಸಿನ ಗಿಡದ ಎಲೆ ಒಂದೇ ಸಲ ಒಡೆದಿರುತ್ತೆ. ನಡುದಂಟು, ಅದಕ್ಕೆ ನೇರವಾಗಿ ಅಗಲ ಎಲೆಗಳು, ಅಷ್ಟೇ. ಅದೇ ಗಿಡ ದೊಡ್ಡದಾದ ಮೇಲೆ ಎರಡು ಸಲ ಒಡೆಯುತ್ತೆ. ಒಂದೇ ತೋಡಿನಲ್ಲಿ ಮಗು ಗಿಡ, ಹರೆಯದ ಗಿಡ, ಮುದಿ ಗಿಡ ಮೂರೂ ಮೂರು ಜಾತಿಯ ಹಾಗೆ ಕಾಣುತ್ತವೆ. ಪುಸ್ತಕದ ಒಂದು ಚಿತ್ರ ಹಿಡಿದುಕೊಂಡು ಹೋದವರು ಸೋಲುವುದು ಇಲ್ಲಿಯೇ. ಆದ್ದರಿಂದ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡ ಗಿಡ ಹುಡುಕಿ, ಅದರಿಂದ ಶುರು ಮಾಡಿ.

ಎಲೆಯ ಬೆನ್ನು: ಚುಕ್ಕಿಯಾ, ಗೆರೆಯಾ?

ಇಡೀ ಲೇಖನದಲ್ಲಿ ಒಂದೇ ಭಾಗ ನೆನಪಿಡಿ ಅಂದರೆ ಇದನ್ನು ಹೇಳುತ್ತೇನೆ.

ಬಲಿತ ಎಲೆಯನ್ನು ಮಗುಚಿ ಹಾಕಿ. ಜರೀಗಿಡಕ್ಕೆ ಬೀಜದ ಬದಲು ಧೂಳಿನಷ್ಟು ಸಣ್ಣ ಬೀಜಕಣಗಳು. ಅವು ಎಲೆಯ ಬೆನ್ನಿನ ಮೇಲೆ ಕಂದು ಬಣ್ಣದ ಗುಂಪುಗಳಾಗಿ ಕೂತಿರುತ್ತವೆ. ಎಷ್ಟೋ ಜನ ಇದನ್ನು ರೋಗ ಅಂದುಕೊಂಡು ಎಲೆ ಕತ್ತರಿಸಿ ಬಿಸಾಕುತ್ತಾರೆ! ರೋಗವಲ್ಲ, ಅದು ಗಿಡದ ಗುರುತಿನ ಚೀಟಿ. ಗುಂಪು ಯಾವ ಆಕಾರದಲ್ಲಿದೆ, ಎಲೆಯ ಯಾವ ಜಾಗದಲ್ಲಿದೆ, ಇವೆರಡು ಗೊತ್ತಾದರೆ ಸಾಕು.

ರಂಗೋಲಿಯನ್ನು ನೆನೆಸಿಕೊಳ್ಳಿ. ಚುಕ್ಕಿ ಮತ್ತು ಗೆರೆ.

ಬೆನ್ನಿನಲ್ಲಿ ದುಂಡು ಚುಕ್ಕಿಗಳು ಸಾಲಾಗಿದ್ದರೆ ಅದು ತೆರ್ಮೆ ಅಲ್ಲ. ಬಿಡಿ.

ಗೆರೆಗಳಿದ್ದರೆ ಮುಂದಿನ ಪ್ರಶ್ನೆ. ಗೆರೆ ಎಲ್ಲಿದೆ? ಎಲೆಯ ಅಂಚನ್ನು ಹಿಡಿದು ಓಡಿದ್ದರೆ ತೆರ್ಮೆ ಅಲ್ಲ. ನಡುನರದ ಎರಡೂ ಮಗ್ಗುಲಿಗೆ ರೈಲು ಹಳಿಯ ಹಾಗೆ ಉದ್ದಕ್ಕೆ ಎರಡೇ ಗೆರೆ ಇದ್ದರೂ ತೆರ್ಮೆ ಅಲ್ಲ. ನಡುನರ ಮತ್ತು ಅಂಚಿನ ನಡುವೆ, ಸಣ್ಣ ಸಣ್ಣ ನರಗಳ ಮೇಲೆ ಓರೆಯಾಗಿ, ಸಾಲು ಸಾಲಾಗಿ ಗೆರೆ ಎಳೆದ ಹಾಗಿದ್ದರೆ, ಈಗ ನೀವು ಸರಿಯಾದ ಮನೆಯ ಬಾಗಿಲಲ್ಲಿ ನಿಂತಿದ್ದೀರಿ.

ತೆರ್ಮೆಯ ಬೆನ್ನು ಮೀನಿನ ಮುಳ್ಳುಗಳನ್ನು ಒಂದರ ಪಕ್ಕ ಒಂದು ಜೋಡಿಸಿದ ಹಾಗೆ ಕಾಣುತ್ತೆ. ಹೆಚ್ಚು ಕಡಿಮೆ ಪ್ರತಿ ಸಣ್ಣ ನರದ ಮೇಲೂ ಒಂದು ಗೆರೆ. ಎಳೆಯದಾಗಿದ್ದಾಗ ಗೆರೆಯ ಮೇಲೆ ತೆಳ್ಳನೆ ಬಿಳಿ ಪೊರೆ ಮುಚ್ಚಿರುತ್ತೆ. ಬಲಿತಂತೆ ಪೊರೆ ಹರಿದು ಕಂದು ಪುಡಿ ಹೊರಬರುತ್ತೆ. ಮಸೂರ ಹಿಡಿದು ತಾಳ್ಮೆಯಿಂದ ನೋಡಿದರೆ ಕೆಲವು ನರಗಳ ಮೇಲೆ ಒಂದಲ್ಲ, ಎರಡು ಗೆರೆ ಬೆನ್ನಿಗೆ ಬೆನ್ನು ಕೊಟ್ಟು ಅಂಟಿಕೊಂಡಿರುವುದು ಕಾಣುತ್ತೆ. ನರದ ಈ ಕಡೆ ಒಂದು, ಆ ಕಡೆ ಒಂದು. ಡಿಪ್ಲಾಜಿಯಂ ಅನ್ನುವ ಹೆಸರು ಬಂದದ್ದೇ ಇದರಿಂದ. ಗ್ರೀಕಿನಲ್ಲಿ ಅದಕ್ಕೆ 'ಜೋಡಿ' ಅನ್ನುವ ಅರ್ಥ. ಎಸ್ಕುಲೆಂಟಮ್ ಅಂದರೆ ಲ್ಯಾಟಿನ್ನಿನಲ್ಲಿ 'ತಿನ್ನಬಹುದಾದದ್ದು'. ಆ 'ತಿನ್ನಬಹುದಾದದ್ದು' ಅನ್ನುವ ವಿಶೇಷಣ ಕೊಟ್ಟವರು ಸ್ವೀಡನ್ನಿನ ರೆಟ್ಜಿಯಸ್, 1791ರಲ್ಲಿ. ಆಗ ಅವರು ಇದನ್ನು ಬೇರೆ ಕುಲದಲ್ಲಿ ಇಟ್ಟಿದ್ದರು. ಅವರದೇ ದೇಶದ ಸ್ವಾರ್ಟ್ಸ್ ಆಮೇಲೆ ಡಿಪ್ಲಾಜಿಯಂಗೆ ತಂದರು.

ಇನ್ನು ನರಗಳು. ಚಿಕ್ಕೆಲೆಯನ್ನು ಆಕಾಶಕ್ಕೆ ಹಿಡಿಯಿರಿ. ನಡುನರದಿಂದ ಒಂದೊಂದು ಹಲ್ಲಿಗೂ ಒಂದು ನರ ಹೋಗುತ್ತೆ. ಅದರಿಂದ ಎರಡೂ ಕಡೆ ಮರಿ ನರಗಳು. ಪಕ್ಕ ಪಕ್ಕದ ಎರಡು ಗುಂಪುಗಳ ಕೆಳಗಿನ ಮರಿ ನರಗಳು ಬಂದು ಒಂದಕ್ಕೊಂದು ಕೈ ಹಿಡಿದುಕೊಂಡಿರುತ್ತವೆ, ಹೆಂಚಿನ ಮನೆಯ ಮಾಡಿನ ಹಾಗೆ. ಡಿಪ್ಲಾಜಿಯಂ ಬಳಗದ ಬೇರೆ ಬಹುಪಾಲು ಜಾತಿಗಳಲ್ಲಿ ಮರಿ ನರಗಳು ಹೀಗೆ ಕೂಡುವುದಿಲ್ಲ, ಸ್ವತಂತ್ರವಾಗಿ ಅಂಚಿಗೆ ಹೋಗಿ ನಿಲ್ಲುತ್ತವೆ. ಪಶ್ಚಿಮಘಟ್ಟದ ದಟ್ಟ ಕಾಡಿನೊಳಗೆ ತೆರ್ಮೆಯ ಅಣ್ಣತಮ್ಮಂದಿರು ಇದ್ದಾರೆ. ಅವಕ್ಕೂ ಬೆನ್ನಲ್ಲಿ ಓರೆ ಗೆರೆಗಳೇ. ಅವುಗಳಿಂದ ತೆರ್ಮೆಯನ್ನು ಬೇರೆ ಮಾಡಲು ಈ ಕೈ ಹಿಡಿದ ನರಗಳು ಬೇಕು.

ಒಟ್ಟಿನಲ್ಲಿ ಓರೆ ಗೆರೆ ಇರಬೇಕು, ನರಗಳು ಕೂಡಿರಬೇಕು. ಎರಡೂ ಇದ್ದರೆ ಮಾತ್ರ ತೆರ್ಮೆ.

ಮೋಸ ಮಾಡುವ ಪಕ್ಕದ ಮನೆಯವನು

ನನ್ನ ಚೀಲದ ಮುಕ್ಕಾಲು ಪಾಲು ಯಾವುದು ಅಂತ ಆಮೇಲೆ ಹೋಗಿ ನೋಡಿದೆ. ಕ್ರಿಸ್ಟೆಲ್ಲಾ. ನಮ್ಮ ಕಡೆ ತೋಡು, ಕಾಲುವೆ, ಬಾವಿಕಟ್ಟೆ, ರಸ್ತೆ ಬದಿಯ ಚರಂಡಿ, ಎಲ್ಲೆಂದರಲ್ಲಿ ಸಿಗುವ ಜರೀಗಿಡ ಇದು. ಇದರಲ್ಲಿ ಒಂದು ಜಾತಿಗೆ ಪ್ಯಾರಾಸಿಟಿಕಾ ಅಂತ ಹೆಸರು. ಯಾರ ಮೇಲೂ ಬಂದಣಿಕೆಯಾಗಿ ಬೆಳೆಯುವುದಿಲ್ಲ ಪಾಪ, ನೆಲದಲ್ಲೇ ಬೇರು ಬಿಟ್ಟುಕೊಂಡು ಇರುತ್ತೆ. ಹೆಸರು ಮಾತ್ರ ಹಾಗೆ ಅಂಟಿಕೊಂಡಿದೆ.

ಕ್ರಿಸ್ಟೆಲ್ಲಾದ ಎಲೆ ಪೂರ್ತಿ ಎರಡು ಸಲ ಒಡೆಯುವುದಿಲ್ಲ. ನಡುದಂಟಿನಿಂದ ಕವಲು ಬರುತ್ತೆ, ಆ ಕವಲು ಬಾಚಣಿಗೆಯ ಹಾಗೆ ಸೀಳಿರುತ್ತೆ, ಆದರೆ ಬುಡದಲ್ಲಿ ಎಲ್ಲ ಹಲ್ಲೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಬಲಿತ ತೆರ್ಮೆ ಪಕ್ಕದಲ್ಲಿಟ್ಟರೆ ಮಕ್ಕಳೂ ಹೇಳಿಯಾರು. ಕಷ್ಟ ಇರುವುದು ಎಳೇ ತೆರ್ಮೆಯ ಜೊತೆ. ಮೇಲೆ ಹೇಳಿದ ಹಾಗೆ ಅದೂ ಒಂದೇ ಸಲ ಒಡೆದಿರುತ್ತೆ. ಇನ್ನೂ ಕಷ್ಟ ಅಂದರೆ, ಕ್ರಿಸ್ಟೆಲ್ಲಾದಲ್ಲೂ ಪಕ್ಕ ಪಕ್ಕದ ಕೆಳಗಿನ ನರಗಳು ಕೈ ಹಿಡಿಯುತ್ತವೆ! ನರ ಮಾತ್ರ ನೋಡಿ ತೀರ್ಪು ಕೊಟ್ಟರೆ ಎಡವಿದಿರಿ ಅಂತಲೇ ಲೆಕ್ಕ.

ಹಾಗಿದ್ದರೆ ಬಿಡಿಸುವುದು ಹೇಗೆ? ಎರಡು ದಾರಿ ಇದೆ.

ಒಂದು, ಬೆನ್ನು. ಕ್ರಿಸ್ಟೆಲ್ಲಾಗೆ ಚುಕ್ಕಿ. ಪ್ರತಿ ಹಲ್ಲಿನ ನರದ ಎರಡೂ ಕಡೆ ದುಂಡು ಚುಕ್ಕಿಗಳ ಸಾಲು. ಒಂದೊಂದು ಚುಕ್ಕಿಗೂ ಮೂತ್ರಪಿಂಡದ ಆಕಾರದ ಪುಟ್ಟ ಟೋಪಿ. ಮಸೂರದಲ್ಲಿ ನೋಡಿದರೆ ಆ ಟೋಪಿಯ ಮೇಲೂ ಕೂದಲು.

ಎರಡನೆಯದು ಅಜ್ಜಿಯ ದಾರಿ. ಬೆರಳು. ಕ್ರಿಸ್ಟೆಲ್ಲಾದ ದಂಟು, ನಡುನರ, ಎಲೆಯ ಬೆನ್ನು ಎಲ್ಲದರ ಮೇಲೂ ಸೂಜಿಯಂಥ ಸಣ್ಣ ಬಿಳಿ ಕೂದಲು. ಹೆಬ್ಬೆರಳನ್ನು ಮೆಲ್ಲಗೆ ಆಡಿಸಿದರೆ ಹತ್ತಿ ಬಟ್ಟೆಯ ಮೇಲೆ ಆಡಿಸಿದ ಹಾಗೆ ಮೆತ್ತಗೆ, ಸ್ವಲ್ಪ ತಡೆಯುತ್ತೆ. ತೆರ್ಮೆಯ ದಂಟು ಬೆರಳಿಗೆ ನುಣುಪು, ಹೊಸ ಪೈಪಿನ ಹಾಗೆ ಜಾರುತ್ತೆ. ಕೆಲವು ತೆರ್ಮೆ ಎಲೆಗಳ ಬೆನ್ನಲ್ಲಿ ತುಸು ರೋಮ ಇರುವುದುಂಟು, ಆದರೆ ದಂಟಿನ ಮೇಲೆ ಕ್ರಿಸ್ಟೆಲ್ಲಾದ ಆ ಬಿಳಿ ನವಿರು ಇರಲ್ಲ. ಕಣ್ಣು ಮುಚ್ಚಿಕೊಂಡು ಎರಡನ್ನೂ ಹತ್ತು ಸಲ ಸವರಿ ನೋಡಿ. ಆಮೇಲೆ ಬೆರಳೇ ಹೇಳುತ್ತೆ. ಅಜ್ಜಿ ಚೀಲದೊಳಗೆ ನೋಡದೆಯೇ ಆರಿಸಿದ್ದು ಹೀಗೆ.

ಕ್ರಿಸ್ಟೆಲ್ಲಾ ತಿಂದರೆ ಏನಾಗುತ್ತೆ ಅಂತ ಕೇಳುವವರಿದ್ದಾರೆ. ನಮ್ಮ ಕಡೆ ತಿನ್ನುವ ವಾಡಿಕೆ ಇಲ್ಲ. ನನಗೆ ಅಷ್ಟು ಸಾಕು.

ನಿಜವಾಗಿ ಹೆದರಬೇಕಾದದ್ದು

ಈಗ ಹತ್ತಾರು ನಾಳಗಳ ದಂಟಿನ ವಿಷಯ. ಅದು ಟೆರಿಡಿಯಂ, ಇಂಗ್ಲಿಷಿನಲ್ಲಿ ಬ್ರ್ಯಾಕನ್ ಅನ್ನುತ್ತಾರೆ. ನಮ್ಮಲ್ಲಿ ಇದು ಎತ್ತರದ ಬೆಟ್ಟಗಳ ಹುಲ್ಲುಗಾವಲಿನ ಅಂಚು, ಬೆಂಕಿ ಬಿದ್ದ ಬಯಲು, ಬಿಸಿಲು ಬೀಳುವ ಇಳಿಜಾರಿನ ಗಿಡ. ತೋಡಿನ ತಳದಲ್ಲಿ ತೆರ್ಮೆಯ ಜೊತೆ ಸಿಗುವುದು ಅಪರೂಪ. ಆದರೆ ಬೆಟ್ಟ ಹತ್ತಲು ಹೋದವರು ದಾರಿಯಲ್ಲಿ ಚಿಗುರು ಕಂಡು, ಓ ಇದೇ ಅಲ್ವಾ ತೆರ್ಮೆ ಅಂತ ಕೀಳುತ್ತಾರೆ. ಅದಕ್ಕೇ ಹೇಳುತ್ತಿದ್ದೇನೆ.

ಬ್ರ್ಯಾಕನ್‌ನಲ್ಲಿ ಟಕ್ವಿಲೊಸೈಡ್ ಅನ್ನುವ, ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತು ಇದೆ. ಇದನ್ನು ಬಹಳ ದಿನ ಮೇಯ್ದ ದನಗಳಿಗೆ ಮೂತ್ರದಲ್ಲಿ ರಕ್ತ ಹೋಗುತ್ತೆ, ಮೂತ್ರಕೋಶದಲ್ಲಿ ಗಡ್ಡೆ ಬರುತ್ತೆ. ಕುದುರೆಗಳಿಗೆ ಬೇರೆ ಕಾಟ. ಇದರಲ್ಲಿರುವ ಇನ್ನೊಂದು ವಸ್ತು ಮೈಯಲ್ಲಿನ ಬಿ1 ಜೀವಸತ್ವವನ್ನು ಹಾಳು ಮಾಡುತ್ತೆ. ಹಾಗಾಗಿ ಇದರಲ್ಲಿ ಸಂಶಯದ ಲಾಭ ಗಿಡಕ್ಕೆ ಕೊಡಬೇಡಿ.

ಗುರುತು ಸುಲಭ. ತೆರ್ಮೆಯ ಹಾಗೆ ಒಂದೇ ಬುಡದಿಂದ ಗುಂಪಾಗಿ ಏಳುವುದಿಲ್ಲ. ಬೇರುಕಾಂಡ ಮಣ್ಣಿನೊಳಗೆ ಮಾರುಗಟ್ಟಲೆ ಹರಿದು, ಅಲ್ಲೊಂದು ಇಲ್ಲೊಂದು ಒಂಟಿ ಎಲೆ ಮೇಲೆ ಕಳಿಸುತ್ತೆ. ಎಲೆ ಅಗಲವಾದ ತ್ರಿಕೋನ, ಮುಟ್ಟಿದರೆ ಗಡಸು, ಮೂರು ಸಲ ಒಡೆದಿರುತ್ತೆ. ಬೀಜಕಣದ ಗೆರೆ ಅಂಚಿನಲ್ಲಿ, ಸೀರೆಯ ಅಂಚು ಮಡಚಿ ಹೊಲಿದ ಹಾಗೆ ಎಲೆಯ ಅಂಚೇ ಅದರ ಮೇಲೆ ಮಡಚಿಕೊಂಡಿರುತ್ತೆ. ಚಿಗುರು ಒಂದೇ ಸುರುಳಿಯಲ್ಲ. ಮೂರು ಬೆರಳು ಮಡಚಿದ ಹದ್ದಿನ ಕಾಲಿನ ಹಾಗೆ ಕವಲೊಡೆದಿರುತ್ತೆ, ಮೇಲೆಲ್ಲ ಬೆಳ್ಳಿ ಕಂದು ಬಣ್ಣದ ನಯ ಕೂದಲು. ಹೊಟ್ಟಲ್ಲ, ಕೂದಲು.

ಉಳಿದವು, ಬೇಗ ಬೇಗ

ಟೆರಿಸ್ ವಿಟ್ಟಾಟಾ. ಹಳೇ ಸೇತುವೆ, ಗಾರೆ ಗೋಡೆಗಳ ಮೇಲೆ ಬೆಳೆಯುತ್ತೆ. ಏಣಿಯ ಮೆಟ್ಟಿಲಿನ ಹಾಗೆ ಉದ್ದ ಪಟ್ಟಿ ಎಲೆಗಳು, ಒಂದೇ ಸಲ ಒಡೆದಿರುತ್ತೆ. ಗೆರೆ ಅಂಚಿನಲ್ಲಿ. ಮಣ್ಣಿನಲ್ಲಿರುವ ಆರ್ಸೆನಿಕ್ ವಿಷವನ್ನು ಹೀರಿ ಎಲೆಯಲ್ಲಿ ಕೂಡಿಡುವ ಗಿಡ ಅಂತ 2001ರಲ್ಲಿ ವಿಜ್ಞಾನಿಗಳು ತೋರಿಸಿದ್ದು ಇದನ್ನೇ. ಬಾಯಿಗೆ ಹಾಕುವ ಗಿಡವಲ್ಲ.

ಬ್ಲೆಕ್ನಮ್ ಓರಿಯೆಂಟಾಲೆ. ಕರಾವಳಿಯಲ್ಲೂ ಘಟ್ಟದ ತಪ್ಪಲಲ್ಲೂ ರಸ್ತೆಗೆಂದು ಕಡಿದ ಮುರ ಕಲ್ಲಿನ ಬರೆಯ ಮೇಲೆ ನಿಂತಿರುವ ದೊಡ್ಡ ಜರೀಗಿಡ. ಚಿಗುರೆಲೆ ತಾಮ್ರದ ಕೆಂಪು, ಬಿಸಿಲು ಬಿದ್ದಾಗ ಬಹಳ ಚೆಂದ. ಒಂದೇ ಸಲ ಒಡೆದ ಎಲೆ, ಬೆನ್ನಲ್ಲಿ ನಡುನರದ ಅಕ್ಕಪಕ್ಕ ರೈಲು ಹಳಿ.

ನೆಫ್ರೊಲೆಪಿಸ್. ಮನೆಯ ಕುಂಡದಲ್ಲಿ ಸಾಕುವ ಉದ್ದ ಗರಿಯ ಜರೀಗಿಡ. ಬುಡದಿಂದ ದಾರದಂಥ ಬಳ್ಳಿ ಹೊರಟು ಮರಿ ಮಾಡುತ್ತೆ. ಬೆನ್ನಲ್ಲಿ ಚುಕ್ಕಿ.

ಮರಜರಿ. ಅಂದರೆ ಮರದ ಹಾಗೆ ಕಾಂಡ ಎತ್ತುವ ಜರೀಗಿಡ. ಇದರ ಸುರುಳಿ ಮಗುವಿನ ಮುಷ್ಟಿಯಷ್ಟು ದಪ್ಪ ಇರಬಹುದು, ಮೇಲೆ ದಟ್ಟ ಹೊಟ್ಟು. ಇವು ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ನಿಯಂತ್ರಣ ಇರುವ ಗಿಡಗಳು. ನೋಡಿ, ಫೋಟೋ ತೆಗೆಯಿರಿ, ಕೈ ಹಾಕಬೇಡಿ.

ಕೊನೆಗೆ ಸುರುಳಿ

ತೆರ್ಮೆಯ ಸುರುಳಿ ತಿಳಿ ಹಸಿರು, ದಂಟು ಪೆನ್ಸಿಲಿನಷ್ಟು ದಪ್ಪ. ಮೇಲೆ ಕಂದು ಹೊಟ್ಟು ಅಲ್ಲಲ್ಲಿ ಅಂಟಿರುತ್ತೆ, ಬೆರಳಲ್ಲಿ ಉಜ್ಜಿದರೆ ಉದುರುತ್ತೆ. ಉಜ್ಜಿದ ಮೇಲೆ ಕೆಳಗಿನ ಚರ್ಮ ನುಣ್ಣಗೆ, ಹೊಳಪಾಗಿರಬೇಕು. ಮುರಿದರೆ ಹುರುಳಿಕಾಯಿಯ ಹಾಗೆ ಟಕ್ ಅನ್ನಬೇಕು, ಮುರಿದಲ್ಲಿ ಸ್ವಲ್ಪ ಲೋಳೆ. ಉಜ್ಜಿದರೂ ಬೂದು ನವಿರು ಉಳಿದರೆ ಕ್ರಿಸ್ಟೆಲ್ಲಾ. ಮೂರು ಕವಲಿದ್ದರೆ ಬ್ರ್ಯಾಕನ್.

ಇಷ್ಟಾದರೂ ಸುರುಳಿ ಒಂದನ್ನೇ ನಂಬಬೇಡಿ. ನಾನು ಈಗ ಮಾಡುವ ಕ್ರಮ ಹೇಳುತ್ತೇನೆ. ಕಾರ್ತಿಕದಲ್ಲಿ ಗುರುತು ಹಾಕುವುದು, ಆಷಾಢದಲ್ಲಿ ಕೀಳುವುದು. ಮಳೆ ನಿಂತ ಮೇಲೆ, ನವೆಂಬರ್ ಹೊತ್ತಿಗೆ, ಎಲೆಗಳು ಪೂರ್ತಿ ಬಲಿತು ಬೆನ್ನ ಮೇಲೆ ಗೆರೆಗಳು ಎದ್ದು ಕಾಣುತ್ತವೆ. ಜಿಗಣೆ ಕಾಟವೂ ಕಡಿಮೆ. ಆಗ ಹೋಗಿ, ಒಂದೊಂದು ಗುಂಪನ್ನೂ ಮಗುಚಿ ನೋಡಿ, ಖಾತ್ರಿಯಾದ ಬುಡದ ಪಕ್ಕ ಒಂದು ಗೂಟ ಹೊಡೆದು ಬಣ್ಣದ ಪ್ಲಾಸ್ಟಿಕ್ ದಾರ ಕಟ್ಟುತ್ತೇನೆ. ಮುಂದಿನ ಮಳೆಗಾಲದಲ್ಲಿ ದಾರ ಇರುವ ಬುಡದಿಂದ ಮಾತ್ರ ಚಿಗುರು.

ಕೀಳುವಾಗ ಒಂದು ಬುಡದಲ್ಲಿ ಮೂರು ಸುರುಳಿ ಇದ್ದರೆ ಒಂದೋ ಎರಡೋ ತೆಗೆಯಿರಿ, ಉಳಿದದ್ದು ಎಲೆಯಾಗಲಿ. ಊರ ಚರಂಡಿ ಸೇರುವ ತೋಡು, ಕಳೆನಾಶಕ ಹೊಡೆದ ತೋಟದ ಅಂಚು, ಇವುಗಳಿಂದ ತರಬೇಡಿ. ಗಿಡ ಸರಿಯಾಗಿದ್ದರೂ ನೀರು ಸರಿಯಿರಲ್ಲ. ಮೀಸಲು ಅರಣ್ಯದೊಳಗೆ ಕೀಳುವುದು ಬೇಡವೇ ಬೇಡ.

ಖಾತ್ರಿ ಇಲ್ಲದಿದ್ದರೆ ಫೋಟೋ ತೆಗೆದು ತಿಳಿದವರಿಗೆ ಕಳಿಸಿ, ಇಲ್ಲವೇ ಐನ್ಯಾಚುರಲಿಸ್ಟ್‌ನಂಥ ಆ್ಯಪಿಗೆ ಹಾಕಿ. ಆದರೆ ದಯವಿಟ್ಟು ಸುರುಳಿಯ ಒಂದು ಚೆಂದದ ಫೋಟೋ ಮಾತ್ರ ಕಳಿಸಿ "ಇದೇನು?" ಅಂತ ಕೇಳಬೇಡಿ. ಯಾರಿಗೂ ಹೇಳಲಾಗದು. ಇಡೀ ಗಿಡ, ಬುಡ, ದಂಟಿನ ಅಡ್ಡ ಕೊಯ್ತ, ಎಲೆಯ ಮುಖ, ಎಲೆಯ ಬೆನ್ನು ಹತ್ತಿರದಿಂದ. ಈ ಐದು ಬೇಕು. ಬೆನ್ನಿನ ಫೋಟೋಗೆ ಎಲೆಯ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟರೆ ಅಳತೆಯೂ ಸಿಗುತ್ತೆ.

ಅಡಿಗೆಮನೆಗೆ ಬಂದ ಮೇಲೆ: ಹೊಟ್ಟನ್ನು ನೀರಲ್ಲಿ ಉಜ್ಜಿ ತೆಗೆಯಿರಿ. ಸುರುಳಿಯನ್ನು ಬಿಡಿಸಿ ತೊಳೆಯಿರಿ, ಒಳಗೆ ಮರಳು ಕೂತಿರುತ್ತೆ. ಗಟ್ಟಿ ದಂಟು ಬಿಸಾಕಿ. ನಾನು ಉಪ್ಪು ನೀರಲ್ಲಿ ಹತ್ತು ನಿಮಿಷ ಕುದಿಸಿ ಆ ನೀರು ಚೆಲ್ಲುತ್ತೇನೆ. ಹಸಿಯಾಗಿ, ಅರೆಬೆಂದದ್ದಾಗಿ ತಿನ್ನಬೇಡಿ. 1994ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲೂ ಕೆನಡಾದ ಪಶ್ಚಿಮದಲ್ಲೂ ಅಲ್ಲಿನ ಇನ್ನೊಂದು ಜರೀಗಿಡದ ಚಿಗುರನ್ನು ಸರಿಯಾಗಿ ಬೇಯಿಸದೆ ತಿಂದವರು ವಾಂತಿ ಭೇದಿಯಿಂದ ಒದ್ದಾಡಿದ್ದರು. ಗಿಡ ಬೇರೆ, ಆದರೆ ಕುದಿಸುವುದಕ್ಕೆ ಏನು ಖರ್ಚು?

ಆಮೇಲೆ ಎಂದಿನ ಪಲ್ಯ. ಸಾಸಿವೆ, ಒಣಮೆಣಸು, ಬೆಳ್ಳುಳ್ಳಿ, ಈರುಳ್ಳಿ, ಬೇಯಿಸಿದ ತೆರ್ಮೆ, ಮೇಲೆ ಕಾಯಿತುರಿ. ಜೊತೆಗೆ ಅಕ್ಕಿ ರೊಟ್ಟಿ. ಕಿತ್ತ ದಿನವೇ ಮಾಡಿ. ಮರುದಿನಕ್ಕೆ ಇಟ್ಟರೆ ಕೊಯ್ದ ತುದಿಗಳು ಕಪ್ಪಾಗಿ ದಂಟು ನಾರಾಗುತ್ತೆ.

ಹೋದ ವರ್ಷ ದಾರ ಕಟ್ಟಿದ ಬುಡಗಳಿಂದ ಕಿತ್ತು ಅಜ್ಜಿಯ ಮುಂದೆ ಚೀಲ ಇಟ್ಟೆ. ಎಂದಿನಂತೆ ಕೈ ಹಾಕಿ ಸವರಿದರು. ಒಂದನ್ನು ಮಾತ್ರ ಹೊರಗೆ ತೆಗೆದು ನನ್ನ ಕೈಗಿಟ್ಟರು. ಬಲಿತು ಹೋಗಿತ್ತಂತೆ.